ದೂರದ ಈಜು

ಹರಿಹರದ ಬಳಿ ತುಂಗಭದ್ರೆಯನ್ನು ದಾಟಲು ಹೊರಟು ನಡುಹೊಳೆಯಿಂದ ಹಿಂದಿರುಗಿದವನು ನಾನು. ಆಗ ಹದಿನೇಳರ ಹರೆಯ. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನಿಗೆ ತೋಳಬಲವೇ ವಿದ್ಯೆಯೆಂಬ ಭ್ರಮೆ. ಎದುರು ದಡದ ಮರವೊಂದನ್ನು ಗುರಿಯಿಟ್ಟು ನೇರವಾಗಿ ಈಜಿದೆ. ಹೊಳೆ ನನ್ನನ್ನು ಕೆಳಕ್ಕೆ ಸೆಳೆಯಿತು. ಮರ ಮೇಲಕ್ಕೆ ಸರಿಯುತ್ತಲೇ ಇತ್ತು. ಅಂಬಿಗನೊಬ್ಬ ಕೂಗಿದ: “ಹೊಳೆ ಕೂಡ ಜಗಳ ಆಡಬ್ಯಾಡೋ ತಮ್ಮಾ, ಮ್ಯಾಲಿಂದ ಇಳೀಬೇಕು!”

ಶ್ರೋತೃಗಳೆ, ಆ ಮಾತು ಇಂಗ್ಲಿಷ್ ಕಡಲ್ಗಾಲುವೆಗೂ ಸಲ್ಲುವಂಥದು. ಅದರ ಅತಿ ಕಿರಿದಾದ ಅಗಲ ಸುಮಾರು 33 ಕಿಲೋಮೀಟರು. ಆದರೆ ಅಷ್ಟನ್ನೇ ಈಜಿ ದಾಟಿದವರಿಲ್ಲವೆನ್ನಬಹುದು. ಸುಮಾರು ಆರು ಗಂಟೆಗೊಮ್ಮೆ ಉಬ್ಬರವಿಳಿತದ ಸೆಳೆತ ದಿಕ್ಕು ಬದಲಿಸುವುದರಿಂದ ಈಜುಗಾರನ ದಾರಿ ಹಾವಿನಂತೆ ಬಳಸುತ್ತದೆ. ಯಾವ ಹೊತ್ತಿಗೆ ನೀರಿಗಿಳಿಯಬೇಕೆಂಬುದೇ ಅರ್ಧ ವಿದ್ಯೆ.

ಉಳಿದರ್ಧ ಚಳಿ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಬರುವ ಜಲಕ್ರೀಡೆಯನ್ನು ಬಹುಕಾಲ ಪಾಠ ಹೇಳಿದ್ದೇನೆ. ಅಲ್ಲಿ ಯಾವ ನಾಯಕನಿಗೂ ಹಲ್ಲು ಕಟಕಟಿಸಿದ್ದು ನೆನಪಿಲ್ಲ. ಕಡಲ ತಣ್ಣೀರಿಗಿಳಿದೊಡನೆ ಉಸಿರು ತನ್ನಷ್ಟಕ್ಕೆ ಏದುತ್ತದೆ. ಇದನ್ನು ಸಂಕಲ್ಪದಿಂದ ಗೆಲ್ಲಲಾಗದು. ಮತ್ತೆ ಮತ್ತೆ ಇಳಿದು ಮೈಯನ್ನು ಒಗ್ಗಿಸಬೇಕು. ಅದಕ್ಕಾಗಿಯೇ ಇಂದಿಗೂ ಅಲ್ಲಿ ಈಜಬಯಸುವವರು 16 ಡಿಗ್ರಿ ಅಥವಾ ಅದಕ್ಕೂ ತಣ್ಣನೆಯ ನೀರಿನಲ್ಲಿ 6 ಗಂಟೆ ಈಜಿ ತೋರಿಸಬೇಕು. ಮೈಮೇಲೆ ಸಾಧಾರಣ ಈಜುಡುಗೆ. ಆಹಾರ ದೋಣಿಯಿಂದ ನೀಡಿದ್ದು. ದೋಣಿಯನ್ನು ಮಾತ್ರ ಮುಟ್ಟಿ ವಿರಮಿಸುವಂತಿಲ್ಲ.

ಕಲ್ಕತ್ತೆಯ ಆರತಿ ಸಾಹಾ 1959ರ ಏಪ್ರಿಲ್‌ನಲ್ಲಿ ದೇಶಬಂಧು ಉದ್ಯಾನದ ಕೊಳದಲ್ಲಿ ಸತತ 8 ಗಂಟೆ ಈಜಿದರು. ಅನಂತರ ಒಂದೇ ಸಮನೆ 16 ಗಂಟೆ. ಕೊಳದ ನೀರು ದೀರ್ಘಕಾಲದ ದುಡಿಮೆಯನ್ನು ಕಲಿಸೀತು, ಉಬ್ಬರವಿಳಿತವನ್ನು ಎಲ್ಲಿಂದ ಕಲಿಸೀತು? ಆಗಸ್ಟ್ 27ರಂದು ಅವರ ಬೆಂಗಾವಲು ದೋಣಿ ತಡವಾಗಿ ಬಂದಿತು. ಅನುಕೂಲದ ಹೊತ್ತು ತಪ್ಪಿತು. ಇಂಗ್ಲೆಂಡಿನ ದಡ ಸುಮಾರು ಐದು ಮೈಲಿ ಇರುವಾಗ ಎದುರು ಸೆಳೆತ ತಡೆಯಿತು. ಗಂಟೆಗಟ್ಟಲೆ ಸೆಣಸಿದರೂ ದೂರ ಸವೆಯಲೊಲ್ಲದು. ದಡ ಕಣ್ಮುಂದಿರಲು ನೀರಿನಿಂದ ಮೇಲೇಳುವುದೆಂದರೇನೆಂದು, ನಡುಹೊಳೆಯಲ್ಲಿ ತಿರುಗಿದ ನಾನು ಅಷ್ಟಿಷ್ಟು ಊಹಿಸಬಲ್ಲೆ.

ಸೆಪ್ಟೆಂಬರ್ 29ರಂದು ಆಕೆ ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಮತ್ತೆ ನೀರಿಗಿಳಿದರು. 16 ಗಂಟೆ 20 ನಿಮಿಷಗಳ ಬಳಿಕ ಸ್ಯಾಂಡ್‌ಗೇಟಿನ ದಡ ಸೇರಿದರು. ಕಡಲ್ಗಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆ, ವಯಸ್ಸು ಹತ್ತೊಂಬತ್ತು.

ನಾನು ಮತ್ತೆ ತುಂಗಭದ್ರೆಗೆ ಇಳಿದದ್ದುಂಟು, ಸ್ನಾನಕ್ಕೆ.