ಎಣ್ಣೆಯ ಒತ್ತಡ

ಎಳ್ಳಿನ ನೆಯ್ಯೇ ಎಣ್ಣೆಯಾಯಿತೆಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದವನು ನಾನು. ಸಂಸ್ಕೃತದಲ್ಲಿ ಅದಕ್ಕೆ ‘ಸ್ನೇಹ’ ಎಂಬ ಹೆಸರೂ ಉಂಟು. ಲೋಹವು ಲೋಹವನ್ನು ತಿನ್ನದಂತೆ ನಡುವೆ ನಿಲ್ಲುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ತೋರದು. ಆದರೆ ಕಾರಿನ ಎಂಜಿನ್ನಿನಲ್ಲಿ ಈ ಸ್ನೇಹಕ್ಕೆ ಒತ್ತಡವೂ ಬೇಕು.

ಒತ್ತಡವನ್ನು ಪಂಪು ಹುಟ್ಟಿಸುತ್ತದೆಂದು ಸಾಮಾನ್ಯ ನಂಬಿಕೆ. ಅದು ಅರ್ಧ ನಿಜ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಅಷ್ಟೆ. ಹಾಗೆ ತಳ್ಳಿದ ಎಣ್ಣೆ ಕ್ರ್ಯಾಂಕ್‌ಶಾಫ್ಟಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವಣ ಸಂದಿಯಲ್ಲಿ ನುಸುಳಿ ಹೊರಬೀಳಬೇಕು. ಆ ಸಂದಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಅಲ್ಲಿ ಒದಗುವ ತಡೆಯೇ ಮಾಪಕದಲ್ಲಿ ಒತ್ತಡವಾಗಿ ಕಾಣುವುದು. ಹಿತ್ತಿಲ ಗಿಡಕ್ಕೆ ನೀರು ಬಿಡುವಾಗ ಕೊಳವೆಯ ಬಾಯಿಗೆ ಬೆರಳಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಮುಂಜಾನೆಯ ಚಳಿಯಲ್ಲಿ ಎಣ್ಣೆ ಮಂದವಾಗಿರುತ್ತದೆ; ಒತ್ತಡ ಏರುತ್ತದೆ. ಮಿತಿ ಮೀರಿದರೆ ಒಂದು ಕವಾಟ ತೆರೆದು ಹೆಚ್ಚಿನದನ್ನು ಹಿಂದಕ್ಕೆ ಬಿಡುತ್ತದೆ. ಎಂಜಿನ್ ಕಾದು ಎಣ್ಣೆ ತೆಳುವಾದಾಗ ಮುಳ್ಳು ಇಳಿಯುವುದು ಸಹಜ, ಗಾಬರಿ ಬೇಡ. ಆದರೆ ಬೇರಿಂಗು ಸವೆದು ಸಂದಿ ಅಗಲವಾದರೂ, ತಳದ ತೊಟ್ಟಿಯಲ್ಲಿ ಎಣ್ಣೆ ತಗ್ಗಿ ಪಂಪು ಗಾಳಿಯನ್ನೆಳೆದರೂ, ಪೆಟ್ರೋಲು ಬೆರೆತು ಎಣ್ಣೆ ನೀರಾದರೂ ಅದೇ ಮುಳ್ಳು ಇಳಿಯುತ್ತದೆ. ಲಕ್ಷಣ ಒಂದು, ರೋಗ ಹಲವು. ಸವೆತವಿದ್ದರೆ ಅದು ಮೊದಲು ಬಯಲಾಗುವುದು ಕಾದ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ. ಆಗ ಪಂಪಿನ ವೇಗವೂ ಕಡಿಮೆ.

ಇಲ್ಲಿ 1883ರ ಒಂದು ಪ್ರಸಂಗವನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ ಅದರ ನೆತ್ತಿಯಲ್ಲಿ ತೂತು ಕೊರೆದ. ಎಣ್ಣೆ ಮೇಲಕ್ಕುಕ್ಕಿತು. ಬಿರಡೆ ಹಾಕಿದರೆ ಬಿರಡೆಯನ್ನೂ ಹೊರದೂಡಿತು. ಮಾಪಕ ಇಟ್ಟು ನೋಡಿದರೆ ಚದರ ಅಂಗುಲಕ್ಕೆ 200 ಪೌಂಡಿಗೂ ಮೀರಿದ ಒತ್ತಡ! ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಒಳಗೆಳೆದು ಅದರ ಮೇಲೆ ತೇಲುತ್ತಿತ್ತು. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ವಿವರಣೆ ಕೊಟ್ಟ. ಎಂಜಿನ್ನಿನ ಭಾರವನ್ನು ಹೊರುವುದು ಹೀಗೆ ಹುಟ್ಟುವ ಒತ್ತಡವೇ. ಪಂಪಿನ ಕೆಲಸ ಎಣ್ಣೆಯ ಸರಬರಾಜು ತಪ್ಪದಂತೆ ನೋಡುವುದು.

ಆದ್ದರಿಂದಲೇ ಸವೆದ ಎಂಜಿನ್ನಿಗೆ ಗಟ್ಟಿ ಎಣ್ಣೆ ಸುರಿದು ಮುಳ್ಳನ್ನು ಮೇಲೇರಿಸುವುದು ನನಗೆ ಒಪ್ಪಿಗೆಯಿಲ್ಲ. ಅಂಕಿ ಏರುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ. ಹಳೆಯ ಕಾರು ಕೊಳ್ಳುವವರು ಎಂಜಿನ್ ಚೆನ್ನಾಗಿ ಕಾದ ಮೇಲೆಯೇ ಮಾಪಕ ನೋಡಲಿ.

ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹೊತ್ತಿದರೆ ಮುಂದಿನ ಊರು ಸೇರೋಣವೆಂಬ ಆಸೆ ಸಲ್ಲದು. ಬೇರಿಂಗು ಹಿಡಿದುಕೊಳ್ಳಲು ಅಷ್ಟು ದೂರ ಬೇಕಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ತುಸು ಹೊತ್ತು ಬಿಟ್ಟು ಅಳತೆಯ ಕಡ್ಡಿ ಎಳೆದು ನೋಡಬೇಕು. ಎಣ್ಣೆ ಸರಿಯಾಗಿದ್ದೂ ದೀಪ ಆರದಿದ್ದರೆ ಕಾರನ್ನು ಕಟ್ಟಿ ಎಳೆಸುವುದೇ ಲೇಸು. ದೀಪದ ಸ್ವಿಚ್ಚೇ ಕೆಟ್ಟಿರುವುದೂ ಉಂಟು. ಅದನ್ನು ಬೇರೊಂದು ಮಾಪಕ ಜೋಡಿಸಿ ತಿಳಿಯಬೇಕು, ಓಡಿಸಿ ಅಲ್ಲ.