ಕಂದಾಯ ಕಟ್ಟೋಣ, ಲೆಕ್ಕವನ್ನೂ ಕೇಳೋಣ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಾಕಿಕೊಟ್ಟ ಸಹಕಾರದ ದಾರಿಯಲ್ಲಿ ನಮ್ಮ ಸಂಘವೂ 25 ವರ್ಷ ನಡೆದಿದೆ. ಸಂಘದ ಸಾಲವನ್ನು ನಾವು ಗಡುವಿಗೆ ಸರಿಯಾಗಿ ಕಟ್ಟುತ್ತೇವೆ. ಮಹಾಸಭೆಯಲ್ಲಿ ಪೈಸೆ ಪೈಸೆಗೂ ಲೆಕ್ಕ ಕೇಳುತ್ತೇವೆ. ಪಂಚಾಯ್ತಿಯ ಮನೆ ಕಂದಾಯ, ನೀರಿನ ದರ ಅಂದರೆ ಮಾತ್ರ "ಆಮೇಲೆ ನೋಡೋಣ ಬಿಡಿ" ಅಂತೀವಿ. ಒಂದು ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋಯ್ತು. ರಿಪೇರಿಗೆ ದುಡ್ಡಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಕೊಡ ಹೊತ್ತು ತೋಟದ ಪಂಪ್‌ಸೆಟ್ಟುಗಳಿಗೆ ಅಲೆದರು. ಬಿಲ್ ಕಲೆಕ್ಟರರ ಪುಸ್ತಕ ತೆಗೆಸಿ ನೋಡಿದರೆ ಬಾಕಿದಾರರೆಲ್ಲಾ ನಾವೇ!

"ಸರ್ಕಾರದ ಅನುದಾನ ಬರುತ್ತಲ್ಲಾ" ಅನ್ನಬಹುದು. ಬರುತ್ತೆ, ಷರತ್ತಿನ ಜೊತೆಗೆ ಬರುತ್ತೆ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಪಂಚಾಯ್ತಿ ಅನುದಾನದಲ್ಲಿ ಶೇಕಡಾ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಉಳಿದ ಹಣದಿಂದಲೂ ಸಂಬಳ ಕೊಡುವಂತಿರಲಿಲ್ಲ. ಊರಿನ ಅಗತ್ಯ ನೋಡಿ ಊರೇ ತೀರ್ಮಾನಿಸಬಹುದಾದ ಹಣವೆಂದರೆ ಮುಖ್ಯವಾಗಿ ನಮ್ಮ ಕಂದಾಯವೇ.

ಮನೆ ಕಂದಾಯ ಹಾಕುವ, ನೀರಿನ ದರ ಗೊತ್ತುಮಾಡುವ ಅಧಿಕಾರವನ್ನು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಗೆ ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅಲ್ಲಿ ಜಮಾ-ಖರ್ಚು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಬಾಕಿ ಉಳಿಸಿಕೊಂಡವರ ದನಿ ಗಟ್ಟಿಯಾಗಿ ಏಳೋದಿಲ್ಲ, ಅಷ್ಟೇ.

ಆದ್ದರಿಂದ ಈ ಹಬ್ಬದ ದಿನ ನಮ್ಮ ನಮ್ಮ ಬಾಕಿ ತೀರಿಸುವ ಮಾತು ಕೊಡೋಣ. ಮುಂದಿನ ಗ್ರಾಮಸಭೆಗೆ ರಸೀದಿ ಹಿಡಿದೇ ಹೋಗೋಣ.