‘ಕ್ರಮವಾಗಿ’ ಎಂಬ ಪದ: ಕನ್ನಡ ಮಾಧ್ಯಮದ ಮಕ್ಕಳು ಮತ್ತು ಇಂಗ್ಲಿಷ್ ಪದಸಂಪತ್ತು



ಕೆಲವು ವರ್ಷಗಳ ಹಿಂದಿನ ಮಾತು. ಹರಿಹರದ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಪಿಯು ವಿಜ್ಞಾನ ಓದುತ್ತಿದ್ದ ಹುಡುಗಿಯೊಬ್ಬಳು ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ನಾನು ಇಂಗ್ಲಿಷ್ ಮೇಷ್ಟ್ರು. ಅವಳು ಲೆಕ್ಕ ಕೇಳಲು ಬಂದಿರಲಿಲ್ಲ. ಎ ಮತ್ತು ಬಿ ಎಂಬ ಎರಡು ವಸ್ತುಗಳ ದ್ರವ್ಯರಾಶಿ 2 ಕೆ.ಜಿ., 5 ಕೆ.ಜಿ. ಎಂದು ಹೇಳಿ, ವಾಕ್ಯದ ಕೊನೆಯಲ್ಲಿ ‘ರೆಸ್ಪೆಕ್ಟಿವ್ಲಿ’ ಎಂದು ಅಚ್ಚಾಗಿತ್ತು. ‘ಸರ್, ರೆಸ್ಪೆಕ್ಟ್ ಅಂದ್ರೆ ಮರ್ಯಾದೆ ಅಲ್ವಾ? ಇಲ್ಲಿ ಯಾರಿಗೆ ಮರ್ಯಾದೆ ಕೊಡ್ಬೇಕು?’ ಎಂದಳು.

ಗೊತ್ತಿದ್ದ ಪದವೊಂದನ್ನು ಹಿಡಿದು ಗೊತ್ತಿಲ್ಲದ ಪದಕ್ಕೆ ದಾರಿ ಹುಡುಕಿದ್ದಳು. ಒಳ್ಳೆಯ ವಿದ್ಯಾರ್ಥಿ ಮಾಡುವುದೇ ಅದು. ನಾನು ‘ಕ್ರಮವಾಗಿ’ ಎಂದೆ, ಅಷ್ಟೇ. ‘ಇಷ್ಟೇನಾ ಸರ್!’ ಎಂದವಳ ಕಣ್ಣು ತುಂಬಿತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಆ ಪದವನ್ನು ಎಷ್ಟು ಲೆಕ್ಕಗಳಲ್ಲಿ ಓದಿ ಬಿಡಿಸಿದ್ದಳೋ. ಪರೀಕ್ಷೆಯಲ್ಲಿ ಮಾತ್ರ ಆ ಲೆಕ್ಕವನ್ನು ಮುಟ್ಟದೆ ಬಂದಿದ್ದಳು.

ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಇದು: ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ನಿಜವಾಗಿ ಕೊರತೆ ಇರುವುದು ಯಾವ ಪದಗಳದ್ದು? ದೊಡ್ಡ ದೊಡ್ಡ ಶಾಸ್ತ್ರಪದಗಳದ್ದು ಎಂದು ನಾವು ಅಂದುಕೊಂಡಿದ್ದೇವೆ. ಅಲ್ಲ. ‘ಫೋಟೋಸಿಂಥೆಸಿಸ್’ ಎಲ್ಲರಿಗೂ ಹೊಸದು, ಕಾನ್ವೆಂಟಿನ ಮಗುವಿಗೂ ಹೊಸದು. ಆದ್ದರಿಂದಲೇ ಅಧ್ಯಾಪಕರು ಅದನ್ನು ಬೋರ್ಡಿನ ಮೇಲೆ ಬರೆದು, ವ್ಯಾಖ್ಯೆ ಹೇಳಿ, ಚಿತ್ರ ಹಾಕಿ ಕಲಿಸುತ್ತಾರೆ. ಯಾರೂ ಕಲಿಸದೆ ಬಿಡುವುದು ಅದರ ಅಕ್ಕಪಕ್ಕದ ಪದಗಳನ್ನು: ಅಸ್ಯೂಮ್, ಡಿರೈವ್, ಕನ್ಸಿಸ್ಟ್, ಹೆನ್ಸ್, ವೇರ್‌ಆ್ಯಸ್. ಇವು ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಇಂಗ್ಲಿಷು, ಇಂಗ್ಲಿಷ್ ಮೇಷ್ಟ್ರ ಪಾಲಿಗೆ ವಿಜ್ಞಾನ. ನಡುವೆ ಬಿದ್ದುಹೋಗುತ್ತವೆ.

ಈ ನಡುವಿನ ಪದಗಳನ್ನು ಲೆಕ್ಕ ಹಾಕಿದವರಿದ್ದಾರೆ. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳ ಓದಿನ ಕಷ್ಟದಿಂದ ಶುರುಮಾಡಿ, 1953ರಲ್ಲಿ ನಿತ್ಯಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿಯನ್ನು ಪ್ರಕಟಿಸಿದರು. ನ್ಯೂಜಿಲೆಂಡಿನ ಆ್ಯವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಆ ಪಟ್ಟಿಯಾಚೆಗೆ ಹೋಗಿ, ಕಾನೂನು, ವಾಣಿಜ್ಯ, ವಿಜ್ಞಾನ ಎನ್ನದೆ ಎಲ್ಲ ವಿಷಯಗಳ ಪುಸ್ತಕಗಳಲ್ಲೂ ಮರಳಿ ಮರಳಿ ಬರುವ 570 ಪದಕುಟುಂಬಗಳನ್ನು ಗುರುತಿಸಿದರು. ಉನ್ನತ ಶಿಕ್ಷಣದ ಪಠ್ಯಗಳಲ್ಲಿ ಶೇಕಡಾ ಹತ್ತರಷ್ಟು ಪದಗಳು ಇವೇ. ಪ್ರತಿ ಹತ್ತನೇ ಪದಕ್ಕೆ ಎಡವುತ್ತ ಓದುವ ಮಗುವಿನ ಆಯಾಸವನ್ನು ಊಹಿಸಿಕೊಳ್ಳಿ.

ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು: ಮಾತಿನ ಇಂಗ್ಲಿಷ್ ಬೇರೆ, ಪಾಠದ ಇಂಗ್ಲಿಷ್ ಬೇರೆ. ವಲಸೆ ಬಂದ ಮಕ್ಕಳಿಗೆ ಮೊದಲನೆಯದು ಸುಮಾರು ಎರಡು ವರ್ಷದಲ್ಲಿ ಬಂದರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕೆಂದು ಅವರು ಕಂಡುಕೊಂಡರು. ನಮ್ಮ ತರಬೇತಿಗಳಲ್ಲಿ ಇದನ್ನು ಹಾಗೆಯೇ ಒಪ್ಪಿಸುತ್ತಾರೆ. ಆದರೆ ಟೊರಾಂಟೊದ ಮಗುವಿಗೆ ಬೀದಿಯಲ್ಲಿ ಇಂಗ್ಲಿಷ್ ಸಿಗುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ, ಬೆಣ್ಣೆದೋಸೆ ಹೋಟೆಲಿನಲ್ಲಿ ಸಿಗುವುದು ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ. ನಮ್ಮ ಮಗುವಿಗೆ ಪಾಠದ ಇಂಗ್ಲಿಷೇ ಮೊದಲು ಎದುರಾಗುತ್ತದೆ. ಓಮನ ನಿಯಮವನ್ನು ಇಂಗ್ಲಿಷಿನಲ್ಲಿ ಒಪ್ಪಿಸುವ ಹುಡುಗನಿಗೆ ‘ನನಗೆ ಈ ಸಾಲು ಅರ್ಥವಾಗಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಲು ಬಾಯಿ ಬರುವುದಿಲ್ಲ. ಕೆನಡಾದ ಏಣಿ ಇಲ್ಲಿ ತಲೆಕೆಳಗಾಗಿ ನಿಂತಿದೆ.

ಹಾಗೆಂದು ಬೀದಿ ಬರಿದಲ್ಲ. ಇಂಗ್ಲಿಷ್ ಪದಗಳು ಕನ್ನಡವೇ ಆಗಿ ಅಲ್ಲಿ ಓಡಾಡುತ್ತಿವೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ಹಚ್ಚುವುದು ‘ಸಲ್ಯೂಷನ್’. ಅದೇ ಪದ ರಸಾಯನಶಾಸ್ತ್ರಕ್ಕೆ ಬಂದರೆ ಉಪ್ಪು ಕರಗಿದ ನೀರು, ಗಣಿತಕ್ಕೆ ಹೋದರೆ ಲೆಕ್ಕದ ಉತ್ತರ. ಇಂಗ್ಲಿಷ್ ಎರಡಕ್ಕೂ ಒಂದೇ ಪದವನ್ನು ದುಡಿಸುತ್ತದೆ. ಕನ್ನಡದಲ್ಲಿ ಒಂದು ದ್ರಾವಣ, ಇನ್ನೊಂದು ಪರಿಹಾರ. ‘ಪವರ್’ ಎಂದರೆ ಮನೆಯಲ್ಲಿ ಕನ್ನಡಕದ ನಂಬರು, ರಾಜಕೀಯದಲ್ಲಿ ಅಧಿಕಾರ, ಪಾಠದಲ್ಲಿ ಕೆಲಸ ನಡೆಯುವ ದರ. ಕನ್ನಡ ಪಠ್ಯದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಂದು ಮೂರನ್ನು ಬೇರೆ ಬೇರೆಯಾಗಿ ಕಲಿತು ಬಂದ ಮಗುವಿಗೆ ಫೋರ್ಸ್, ಎನರ್ಜಿ, ಪವರ್ ಬೆರಕೆಯಾಗುವುದಿಲ್ಲ. ಅಂಥ ಮಗುವನ್ನು ನಾವು ‘ಬೇಸಿಕ್ ಇಲ್ಲ’ ಎಂದುಬಿಡುತ್ತೇವೆ. ಈ ಮಾತು ನನಗೆ ಬಹಳ ನೋವು ಕೊಡುತ್ತದೆ.

‘ಟೆನ್ಷನ್’ ತೆಗೆದುಕೊಳ್ಳಿ. ಇಂದಿನ ಹುಡುಗರಿಗೆ ಅದು ಚಿಂತೆ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಮಗ್ಗ ನಡೆಸಿದವರಿಗೆ ಅದು ಹಾಸಿನ ಎಳೆಯ ಬಿಗಿತ. ಹೆಚ್ಚಾದರೆ ನೂಲು ಕಡಿಯುತ್ತದೆ. ಭೌತಶಾಸ್ತ್ರದ ಅರ್ಥವೂ ಅದೇ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಯಂತ್ರದ ಮುಂದೆ ನಿಂತು ದುಡಿದವರಿಗೆ ‘ಟಾಲರೆನ್ಸ್’ ಎಂದರೆ ಸಹನೆಯಲ್ಲ, ಅಳತೆ ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಗಡಿ. ನಿಘಂಟಿನಿಂದ ಕಲಿತದ್ದಲ್ಲ ಅದು. ಕೈಯಲ್ಲಿ ಬಿಡಿಭಾಗ, ಪಕ್ಕದಲ್ಲಿ ಮೈಕ್ರೋಮೀಟರು, ಕಿವಿಯಲ್ಲಿ ಆ ಪದ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದು ಲೋಕಕ್ಕೆಲ್ಲ ಗೊತ್ತಾದ ಇಂಗ್ಲಿಷ್ ಬೋಧನೆಯ ಪ್ರಯೋಗದ ತಿರುಳೂ ಇದೇ: ಮನಸ್ಸು ಕೆಲಸದ ಮೇಲಿದ್ದಾಗ ಭಾಷೆ ಒಳಗಿಳಿಯುತ್ತದೆ. ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳನ್ನು ಯೋಚನೆಗೆ ಹಚ್ಚುತ್ತಿದ್ದರು. ಹರಿಹರಕ್ಕೆ ಹೋಗುವ ರೈಲು, ಬಸ್ಸುಗಳ ಸಮಯ ಹಿಡಿದು ನಾವೂ ನಾಳೆಯೇ ಅಂಥ ಪಾಠ ಮಾಡಬಹುದು.

ಬೋರ್ಡಿನ ಮೂಲೆಯಲ್ಲಿ ‘ದಿನಕ್ಕೆ ಹತ್ತು ಪದ’ ಬರೆಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಸಂಬಂಧವಿಲ್ಲದ ಹತ್ತು ಪದ ಮರುದಿನಕ್ಕೆ ಉಳಿಯುವುದಿಲ್ಲ. ಒಂದು ಮನೆಯ ಪದಗಳನ್ನು ಒಟ್ಟಿಗೆ ಕೊಡಿ: ಡಿಫೈನ್, ಡೆಫಿನಿಷನ್, ಡೆಫಿನಿಟ್. ಬಡ, ಬಡವ, ಬಡತನ ಎಂಬ ನಂಟು ನಮ್ಮ ಮಕ್ಕಳಿಗೆ ತಾಯಿನುಡಿಯಿಂದಲೇ ಬಂದಿದೆ. ಪ್ರತ್ಯಯ ಎಂದರೇನೆಂದು ಎಂಟನೇ ತರಗತಿಯ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಇಂಗ್ಲಿಷ್ ತರಗತಿಯಲ್ಲಿ ಅದನ್ನು ಬಳಸಿಕೊಳ್ಳುವುದಿಲ್ಲ, ಅಷ್ಟೇ. ಎಷ್ಟೋ ಕಡೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ಗದರಿಸುತ್ತಾರೆ. ನಾನೂ ಮೊದಮೊದಲು ಗದರಿಸಿದ್ದೇನೆ. ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದೆನೋ.

ಒಂದು ಅನುಕೂಲ ನಮ್ಮ ಕೈಯಲ್ಲೇ ಇದೆ. ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ: ಅದೇ ಅಧ್ಯಾಯ, ಅದೇ ಚಿತ್ರ, ಅದೇ ಅಭ್ಯಾಸದ ಪ್ರಶ್ನೆ. ಪಿಯು ತರಗತಿಯ ಮೊದಲ ಎರಡು ವಾರ, ಪಾಠ ಶುರುಮಾಡುವ ಮುನ್ನ, ಎರಡನ್ನೂ ಜೊತೆಗಿಟ್ಟು ಓದಿಸಿ. ವಿಷಯ ಗೊತ್ತಿರುವುದರಿಂದ ಮಗುವಿನ ಗಮನವೆಲ್ಲ ಪದಗಳ ಮೇಲಿರುತ್ತದೆ. ‘ಸಮರ್ಥಿಸಿ’ ಇದ್ದಲ್ಲಿ ಇಂಗ್ಲಿಷಿನಲ್ಲಿ ಏನಿದೆ? ‘ಆದ್ದರಿಂದ’ ಇದ್ದಲ್ಲಿ? ಭೌತಶಾಸ್ತ್ರದವರೂ ಇಂಗ್ಲಿಷಿನವರೂ ಒಂದೇ ಕೋಣೆಯಲ್ಲಿ ಕೂರಬೇಕು.

ಆ ಹುಡುಗಿಗೆ ನಾನು ಮಾಡಿದ್ದು ಇಷ್ಟೇ. ಹತ್ತನೇ ತರಗತಿಯ ವಿಜ್ಞಾನದ ಇಂಗ್ಲಿಷ್ ಪುಸ್ತಕವನ್ನು ಹುಡುಕಿ ಕೊಟ್ಟೆ. ಕನ್ನಡದ್ದು ಅವಳ ಮನೆಯಲ್ಲಿತ್ತು. ಸಂಜೆ ಬಸ್ಸು ಬರುವವರೆಗೆ ಗ್ರಂಥಾಲಯದ ಬೆಂಚಿನ ಮೇಲೆ ಎರಡನ್ನೂ ಬಿಡಿಸಿಟ್ಟುಕೊಂಡು, ಒಂದು ಬೆರಳು ಕನ್ನಡದ ಸಾಲಿನ ಮೇಲೆ, ಇನ್ನೊಂದು ಇಂಗ್ಲಿಷಿನ ಸಾಲಿನ ಮೇಲೆ ಸರಿಸುತ್ತ ಕೂರುತ್ತಿದ್ದಳು. ಮೂರನೇ ವಾರ ಬಂದು ‘ವೇರ್‌ಆ್ಯಸ್’ ಅಂದರೆ ‘ಆದರೆ’ ಅಲ್ಲ ಸರ್, ‘ಇದು ಹೀಗಿದ್ದರೆ ಅದು ಹಾಗೆ’ ಎಂದಳು. ಅಷ್ಟು ಚೆನ್ನಾಗಿ ಆ ಪದವನ್ನು ನಾನು ಯಾವ ತರಗತಿಯಲ್ಲೂ ಬಿಡಿಸಿ ಹೇಳಿರಲಿಲ್ಲ.